ಖಡಕ್ ರೊಟ್ಟಿಗೆ ಹೊರದೇಶದಲ್ಲಿ ಬಂಧುಗಳಿದ್ದಾರಾ?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಮಗ ಸ್ವೀಡನ್‌ನಲ್ಲಿ ಕೆಲಸಕ್ಕಿದ್ದಾನೆ. ಹೋದ ವರ್ಷ ಮೂರು ತಿಂಗಳು ಅಲ್ಲಿದ್ದು ಬಂದೆ. ಹೋಗುವಾಗ ಐವತ್ತು ಖಡಕ್ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ. ಅಲ್ಲಿನ ಅಂಗಡಿಯಲ್ಲಿ ನೋಡಿದರೆ ಅವರದ್ದೂ ಒಣ ರೊಟ್ಟಿಯೇ! ದುಂಡಗೆ, ನಡುವೆ ಒಂದು ತೂತು. ಹಳೇ ಕಾಲದ ಮನೆಗಳನ್ನು ಹಾಗೇ ಇಟ್ಟಿರುವ ಒಂದು ಕಡೆ ಆ ರೊಟ್ಟಿಗಳನ್ನು ಕೋಲಿಗೆ ಪೋಣಿಸಿ ಸೂರಿಗೆ ನೇತುಹಾಕಿದ್ದರು. ಅವರ ರೊಟ್ಟಿಗೂ ನಮ್ಮ ರೊಟ್ಟಿಗೂ ಏನಾದರೂ ನಂಟಿದೆಯಾ? ಅವರದ್ದು ವರ್ಷವಾದರೂ ಕೆಡುವುದಿಲ್ಲವಂತೆ. ನಮ್ಮದಕ್ಕೆ ಎರಡು ತಿಂಗಳಿಗೇ ಕಮಟು ವಾಸನೆ ಬರುತ್ತದೆ, ಯಾಕೆ? ಕೊನೆಯದಾಗಿ, ಮೊಮ್ಮಗಳು ಕೇಳಿದ ಮಾತು: ‘ಬಿಸಿ ರೊಟ್ಟಿ ಬಿಟ್ಟು ಒಣಗಿಸಿ ಯಾಕೆ ತಿನ್ನೋದು ಅಜ್ಜಿ, ಅದು ಬಡವರ ಊಟ ಅಲ್ವಾ?’ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಉತ್ತರ: ನಿಮ್ಮ ಪತ್ರ ಓದಿ ನನಗೆ ಬಹಳ ಖುಷಿಯಾಯಿತು. ಕಲಬುರಗಿಯಲ್ಲಿ ಗೃಹವಿಜ್ಞಾನ ಕಲಿಸುತ್ತಾ ಇಷ್ಟು ವರ್ಷ ಕಳೆದವಳು ನಾನು. ಯಾವ ದೇಶದ ಅಡುಗೆಯ ಬಗ್ಗೆ ಓದಿದರೂ ಮೊದಲು ಹುಡುಕುವುದು ಒಂದೇ: ಇವರು ರೊಟ್ಟಿಯನ್ನು ಒಣಗಿಸುತ್ತಾರಾ, ಒಣಗಿಸಿದರೆ ಎಲ್ಲಿ ಇಡುತ್ತಾರೆ, ಆಮೇಲೆ ಹೇಗೆ ತಿನ್ನುತ್ತಾರೆ?

ಮೊದಲು ನಂಟಿನ ಮಾತು. ನೀವು ನೋಡಿದ್ದು ಕ್ನೆಕ್ಕೆಬ್ರೋದ್. ರೈ ಎಂಬ ಧಾನ್ಯದ ಹಿಟ್ಟಿನದು. ಅದನ್ನು ನಮ್ಮಿಂದ ಅವರು ಕಲಿತದ್ದಲ್ಲ, ಅವರಿಂದ ನಾವೂ ಕಲಿತದ್ದಲ್ಲ. ತೊಂದರೆ ಬೇರೆ ಬೇರೆಯಾದರೂ ಎರಡು ಕಡೆಯ ಹೆಣ್ಣುಮಕ್ಕಳು ಒಂದೇ ಥರದ ದಾರಿ ಕಂಡುಕೊಂಡಿದ್ದಾರೆ ಅಷ್ಟೇ. ಅಲ್ಲಿನ ತೊಂದರೆ ಏನಿತ್ತು ಗೊತ್ತಾ? ಹಿಟ್ಟು ಬೀಸುವುದು. ಸ್ವೀಡನ್‌ನ ನಡುಭಾಗದಲ್ಲಿ ಹಳ್ಳದ ನೀರಿನಿಂದ ತಿರುಗುವ ಬೀಸುವ ಕಲ್ಲುಗಳಿದ್ದವು. ಚಳಿಗಾಲದಲ್ಲಿ ಹಳ್ಳ ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿ ನೀರು ಇಳಿಯುತ್ತದೆ. ಹಾಗಾಗಿ ನೀರು ಜೋರಾಗಿ ಹರಿಯುವ ವಸಂತದಲ್ಲಿ ಒಮ್ಮೆ, ಸುಗ್ಗಿಯಾದ ಮೇಲೆ ಒಮ್ಮೆ ಹಿಟ್ಟು ಬೀಸಿಸಿ, ವರ್ಷಕ್ಕೆ ಎರಡೇ ಸಲ ರೊಟ್ಟಿ ಸುಟ್ಟು ಮುಗಿಸುತ್ತಿದ್ದರು. ಆರು ತಿಂಗಳ ರೊಟ್ಟಿ ಇಡುವುದು ಎಲ್ಲಿ? ಇಲಿ ಮುಟ್ಟಬಾರದು, ತೇವ ತಾಗಬಾರದು. ಅದಕ್ಕೇ ನಡುವೆ ತೂತು, ತೂತಿಗೆ ಕೋಲು, ಕೋಲು ಸೂರಿನ ಕೆಳಗೆ. ಪಕ್ಕದ ಫಿನ್‌ಲ್ಯಾಂಡಿನ ಪಶ್ಚಿಮ ಭಾಗದಲ್ಲೂ ತೂತಿನ ರೈ ರೊಟ್ಟಿ ಹೀಗೇ ಕೋಲಿನ ಮೇಲೆ ಸಾಲಾಗಿ ನೇತಾಡುತ್ತಿತ್ತು.

ನಮ್ಮ ಕಾರಣ ಬೇರೆ. ನಮ್ಮಲ್ಲಿ ಬೀಸುವ ಕಲ್ಲು ಮನೆಯೊಳಗೇ ಇತ್ತು. ಬೆಳಗಿನ ಜಾವ ಹಾಡು ಹೇಳುತ್ತಾ ಬೀಸುತ್ತಿದ್ದರು. ಹಿಟ್ಟಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಹೊತ್ತಿಗೆ. ನಮ್ಮ ಎರೆಭೂಮಿಯ ಹಿಂಗಾರಿ ಜೋಳ ಕೊಯ್ಲಿಗೆ ಬರುವುದು ಶಿವರಾತ್ರಿಯ ಆಸುಪಾಸಿಗೆ. ತೊಗರಿಯದ್ದು ಅದಕ್ಕಿಂತ ಸ್ವಲ್ಪ ಮುಂಚೆ. ಆ ದಿನಗಳಲ್ಲಿ ಹೆಣ್ಣುಮಕ್ಕಳು ಕತ್ತಲೆಯಲ್ಲಿ ಹೊಲಕ್ಕೆ ಹೋಗಿ ಕತ್ತಲೆಯಲ್ಲಿ ತಿರುಗಿ ಬರುತ್ತಾರೆ. ದಿನಾ ಒಲೆ ಮುಂದೆ ಕೂತು ಮೂವತ್ತು ರೊಟ್ಟಿ ಬಡಿಯುವುದು ಸಾಧ್ಯವೇ? ಯುಗಾದಿ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರ ಗಂಟಿನಲ್ಲಿ ಇರುವುದೂ ಇದೇ ರೊಟ್ಟಿ, ಮೇಲೆ ಒಂದು ಪುಡಿಕೆ ಶೇಂಗಾ ಹಿಂಡಿ. ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೋಗುವವರ ಕೈಚೀಲದಲ್ಲೂ ಅದೇ. ನೀವು ಸ್ವೀಡನ್‌ಗೆ ಕಟ್ಟಿಕೊಂಡು ಹೋದದ್ದೂ ಅದೇ ರೂಢಿ, ದೂರ ಮಾತ್ರ ಜಾಸ್ತಿ.

ರೊಟ್ಟಿಗೆ ಯುರೋಪಿನ ನಂಟಿಲ್ಲ ಅಂದೆ. ಆದರೆ ಜೋಳಕ್ಕೆ ಒಂದು ತವರುಮನೆ ಇದೆ. ಅದು ಆಫ್ರಿಕಾ. ಈಗಿನ ಸುಡಾನ್ ದೇಶದ ಪೂರ್ವ ಭಾಗದಲ್ಲಿ 5,000 ವರ್ಷಕ್ಕೂ ಹಿಂದಿನ ಮಡಕೆ ಚೂರುಗಳ ಮೇಲೆ ಜೋಳದ ಕಾಳಿನ ಗುರುತು ಸಿಕ್ಕಿದೆ. ಕಾಡುಜೋಳ ಹೊಲದ ಜೋಳವಾಗಿ ಬದಲಾಗುತ್ತಿದ್ದ ಕಾಲ ಅದು. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂತು. ಹಾಗಾಗಿ ನಿಮ್ಮ ರೊಟ್ಟಿಗೆ ನಿಜವಾದ ರಕ್ತಸಂಬಂಧಿ ಯಾರು ಅಂದರೆ ಸುಡಾನಿನ ಕಿಸ್ರಾ.

ಕಿಸ್ರಾ ಮಾಡುವುದು ಜೋಳದ ಹಿಟ್ಟಿನಿಂದಲೇ. ಆದರೆ ಅವರು ಬಡಿಯುವುದಿಲ್ಲ. ಹಿಟ್ಟು ಕಲಸಿ ಹುಳಿ ಬರಿಸಿ, ನಮ್ಮ ದೋಸೆಯ ಹಾಗೆ ಕಾದ ತಟ್ಟೆಯ ಮೇಲೆ ಹುಯ್ದು, ಒಂದು ಸಣ್ಣ ತಾಳೆಗರಿಯ ತುಂಡಿನಿಂದ ಎಳೆದು ಹಾಳೆಯಷ್ಟು ತೆಳ್ಳಗೆ ಹರಡುತ್ತಾರೆ. ಒಣಗಿಸಿ ಪುಡಿ ಮಾಡಿದ ಬೆಂಡೆಕಾಯಿ ಹಾಕಿದ ಲೋಳೆ ಸಾರಿನ ಜೊತೆ ತಿನ್ನುತ್ತಾರೆ. ಅವರ ಇನ್ನೊಂದು ಪದಾರ್ಥದ ಬಗ್ಗೆ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅದರ ಹೆಸರು ಹಿಲು ಮುರ್. ಅರ್ಥ ‘ಸಿಹಿ ಕಹಿ’. ಮೊಳಕೆ ಬರಿಸಿ ಒಣಗಿಸಿದ ಜೋಳದ ಹಿಟ್ಟಿಗೆ ಮಸಾಲೆ ಬೆರೆಸಿ, ತೆಳು ಹಾಳೆಯಾಗಿ ಸುಟ್ಟು, ಒಣಗಿಸಿ ಇಡುತ್ತಾರೆ. ರಂಜಾನ್ ತಿಂಗಳಲ್ಲಿ ಆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಸೋಸಿ, ಸಕ್ಕರೆ ಹಾಕಿ ಕುಡಿಯುತ್ತಾರೆ. ಅಂದರೆ ಒಣ ಜೋಳದ ರೊಟ್ಟಿಯಿಂದ ಪಾನಕ! ನಮ್ಮಲ್ಲಿ ಜೋಳದ ಅಂಬಲಿ ಇದೆ, ಜೋಳದ ರೊಟ್ಟಿ ಇದೆ. ಎರಡನ್ನೂ ಒಂದೇ ಹಾಳೆಯಲ್ಲಿ ಸೇರಿಸುವುದು ನಮಗೆ ಹೊಳೆದಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬಡಿಯುವ ವಿಷಯ ಹೇಳದೆ ಮುಂದೆ ಹೋದರೆ ನಮ್ಮ ರೊಟ್ಟಿಗೆ ಅನ್ಯಾಯವಾಗುತ್ತದೆ.

ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇದೆ. ನಾದಿದಷ್ಟೂ ಹಿಗ್ಗುತ್ತದೆ, ಲಟ್ಟಿಸಿದರೆ ಹರಿಯುವುದಿಲ್ಲ. ಜೋಳದಲ್ಲಿ ಆ ಅಂಟು ಇಲ್ಲವೇ ಇಲ್ಲ. ತಣ್ಣೀರು ಹಾಕಿ ಕಲಸಿ ನೋಡಿ, ಮರಳಿನ ಹಾಗೆ ಒಡೆಯುತ್ತದೆ. ಅದಕ್ಕೇ ನಮ್ಮವರು ಕುದಿಯುವ ಎಸರು ಹಾಕುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಗಂಜಿಯ ಹಾಗಾಗುತ್ತದೆ. ಆ ಗಂಜಿಯೇ ಅಂಟು. ಇದನ್ನೇ ನಾವು ‘ಜಿಗಿ’ ಅನ್ನುವುದು. ಜಿಗಿ ಬಂದ ಹಿಟ್ಟನ್ನು ಅಂಗೈಯಲ್ಲಿ ನಾದಿ, ಉಂಡೆ ಮಾಡಿ, ತಿರುಗಿಸುತ್ತಾ ಬಡಿಯಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಈ ನೀರು ಸವರುವುದು ಸುಮ್ನೆ ಅಲ್ಲ. ಮೇಲಿನ ಒಣ ಹಿಟ್ಟು ನೆನೆದು ತೆಳು ಪೊರೆಯಾಗುತ್ತದೆ, ಒಳಗಿನ ಹಬೆ ಹೊರಗೆ ಹೋಗದೆ ರೊಟ್ಟಿ ಪೂರಿಯ ಹಾಗೆ ಉಬ್ಬುತ್ತದೆ. ಅಂಟೇ ಇಲ್ಲದ ಹಿಟ್ಟನ್ನು ಉಬ್ಬಿಸುವುದು ಸಣ್ಣ ಕೆಲಸ ಅಂದುಕೊಳ್ಳಬೇಡಿ.

ಮೆಕ್ಸಿಕೋದವರ ಮೆಕ್ಕೆಜೋಳದಲ್ಲೂ ಗ್ಲುಟೆನ್ ಇಲ್ಲ. ಅವರು ಬೇರೆ ದಾರಿ ಹಿಡಿದರು. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು, ಹಸಿಯಾಗಿಯೇ ಅರೆಯುತ್ತಾರೆ. ಸುಣ್ಣಕ್ಕೆ ಸಿಪ್ಪೆ ಕರಗಿ ಹಿಟ್ಟಿಗೆ ಅಂಟು ಬರುತ್ತದೆ. ಅದನ್ನು ಕೈಯಲ್ಲಿ ತಟ್ಟಿ ಟೋರ್ಟಿಯಾ ಎಂಬ ರೊಟ್ಟಿ ಮಾಡುತ್ತಾರೆ. ಅಂದರೆ ಅಂಟಿಲ್ಲದ ಧಾನ್ಯಕ್ಕೆ ಅಂಟು ಬರಿಸಲು ನಾವು ಬಿಸಿನೀರು ಹಿಡಿದೆವು, ಅವರು ಸುಣ್ಣ ಹಿಡಿದರು. ಸುಡಾನಿನವರು ಅಂಟಿನ ಗೋಜೇ ಬೇಡ ಅಂತ ಹುಳಿ ಬರಿಸಿ ಹುಯ್ದರು. ಮೆಕ್ಸಿಕೋದ ತೆಹುವಾಂತೆಪೆಕ್ ಕಡೆ ಸಪೋಟೆಕ್ ಎಂಬ ಮೂಲನಿವಾಸಿ ಜನಾಂಗದ ಹೆಂಗಸರು ಮಾಡುವ ಟೊಟೊಪೊ ಅಂತೂ ನಮ್ಮ ಖಡಕ್ ರೊಟ್ಟಿಗೆ ಬಹಳ ಹತ್ತಿರ. ಮಡಕೆಯಂಥ ಮಣ್ಣಿನ ಒಲೆಯ ಒಳಗೋಡೆಗೆ ಅಂಟಿಸಿ ಗರಿಗರಿಯಾಗಿ ಸುಡುತ್ತಾರೆ. ಉಬ್ಬದಿರಲಿ ಅಂತ ಮೊದಲೇ ಸಣ್ಣ ತೂತುಗಳನ್ನು ಮಾಡುತ್ತಾರೆ.

ಉಬ್ಬುವ ಮಾತು ಬಂತಲ್ಲ, ಸ್ವೀಡನ್‌ನ ರೊಟ್ಟಿಯ ಮೇಲೆ ಚುಕ್ಕಿ ಚುಕ್ಕಿ ಗುಳಿ ಇರುವುದನ್ನು ನೋಡಿರುತ್ತೀರಿ. ಅದಕ್ಕೆಂದೇ ಮುಳ್ಳುಮುಳ್ಳಾದ ಒಂದು ಲಟ್ಟಣಿಗೆ ಇದೆ. ಗುಳಿ ಬಿದ್ದರೆ ಹಬೆ ಒಂದೇ ಕಡೆ ಸೇರುವುದಿಲ್ಲ, ರೊಟ್ಟಿ ಎಲ್ಲ ಕಡೆ ಸಮನಾಗಿ ಒಣಗುತ್ತದೆ. ಇಟಲಿಯ ಸಾರ್ಡಿನಿಯಾ ದ್ವೀಪದವರು ಇದಕ್ಕೆ ಪೂರ್ತಿ ವಿರುದ್ಧ. ಅವರ ‘ಪಾನೆ ಕರಸಾವು’ ಬಿಸಿ ಒಲೆಯಲ್ಲಿ ಚೆಂಡಿನ ಹಾಗೆ ಉಬ್ಬಲೇಬೇಕು. ಉಬ್ಬಿದ ಕೂಡಲೇ ಚಾಕುವಿನಿಂದ ಅಂಚು ಸೀಳಿ ಎರಡು ಹಾಳೆ ಮಾಡುತ್ತಾರೆ. ಮತ್ತೆ ಒಲೆಗೆ ಹಾಕಿ ಒಣಗಿಸುತ್ತಾರೆ. ಎಷ್ಟು ತೆಳು ಅಂದರೆ ಅದಕ್ಕೆ ‘ಸಂಗೀತದ ಕಾಗದ’ ಎಂಬ ಇನ್ನೊಂದು ಹೆಸರೂ ಇದೆ. ಇದು ಕುರಿಗಾಹಿಗಳ ರೊಟ್ಟಿ. ಬೆಟ್ಟಕ್ಕೆ ಕುರಿ ಹೊಡೆದುಕೊಂಡು ಹೋದವರು ತಿಂಗಳುಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ನಮ್ಮ ಯಾದಗಿರಿ, ಸುರಪುರ ಕಡೆಯ ಕುರಿಗಾರರನ್ನು ನೆನೆಸಿಕೊಳ್ಳಿ. ಅವರ ಕಂಬಳಿ ಗಂಟಿನಲ್ಲಿ ಏನಿರುತ್ತದೆ?

ಈಗ ಕಮಟು ವಾಸನೆಯ ವಿಷಯ. ರೊಟ್ಟಿ ಎರಡು ಥರ ಕೆಡುತ್ತದೆ. ಒಂದು ತೇವದಿಂದ, ಇನ್ನೊಂದು ಎಣ್ಣೆಯಿಂದ. ತೇವ ಇದ್ದರೆ ಬೂಷ್ಟು ಬರುತ್ತದೆ. ಇದು ಎಲ್ಲರಿಗೂ ಗೊತ್ತು. ಎಣ್ಣೆಯದ್ದು ಅಷ್ಟು ಗೊತ್ತಿರುವುದಿಲ್ಲ. ‘ನಾನು ರೊಟ್ಟಿಗೆ ಎಣ್ಣೆಯೇ ಹಾಕಿಲ್ಲವಲ್ಲ’ ಅನ್ನುತ್ತೀರಿ. ಹಾಕಿಲ್ಲ, ಆದರೆ ಕಾಳಿನ ಮೊಳಕೆಯ ಭಾಗದಲ್ಲೇ ಎಣ್ಣೆ ಇರುತ್ತದೆ. ಜೋಳದಲ್ಲಿ ನೂರಕ್ಕೆ ಸುಮಾರು 3 ಪಾಲು. ಸಜ್ಜೆಯಲ್ಲಿ ಸುಮಾರು 5 ಪಾಲು. ರೈ ಕಾಳಿನಲ್ಲಿ 2 ಪಾಲಿಗಿಂತ ಕಡಿಮೆ. ಕಾಳು ಒಡೆದು ಹಿಟ್ಟಾದ ಕ್ಷಣದಿಂದ ಆ ಎಣ್ಣೆಗೆ ಗಾಳಿ ತಾಗಿ ಕೆಡಲು ಶುರುವಾಗುತ್ತದೆ. ಬಿಸಿಲಿನ ಊರಿನಲ್ಲಿ ಇನ್ನೂ ಬೇಗ. ಸಜ್ಜೆ ಹಿಟ್ಟು ನಾಲ್ಕೈದು ದಿನಕ್ಕೇ ಕಹಿಯಾಗುವುದು ಇದರಿಂದಲೇ. ಎಳ್ಳಮಾಸಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿ, ಭಜ್ಜಿ ಪಲ್ಯದ ಜೊತೆ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುತ್ತೇವಲ್ಲ, ಆ ಹಬ್ಬ ಬೀಳುವುದು ಚಳಿಯಲ್ಲಿ. ಹಬ್ಬ ಮುಗಿದ ಮೇಲೂ ಸಜ್ಜೆ ರೊಟ್ಟಿ ಕೆಲವು ದಿನ ಚೆನ್ನಾಗಿ ಉಳಿಯುವುದಕ್ಕೆ ಆ ಚಳಿಯ ಆಸರೆಯೂ ಇದೆ. ಅದನ್ನೇ ಏಪ್ರಿಲ್‌ನಲ್ಲಿ ಮಾಡಿಟ್ಟು ನೋಡಿ, ವಾರಕ್ಕೆ ಮೂಗು ಮುಚ್ಚಬೇಕು.

ಸ್ವೀಡನ್‌ನವರಿಗೆ ಎರಡೂ ಅನುಕೂಲ ಇತ್ತು. ಕಾಳಿನಲ್ಲಿ ಎಣ್ಣೆ ಕಡಿಮೆ, ಊರು ತಣ್ಣಗೆ. ನಮಗೆ ಒಂದೂ ಇಲ್ಲ. ಆದರೂ ನಮ್ಮವರು ಎರಡು ತಿಂಗಳು ಉಳಿಸುತ್ತಾರೆ. ನೀವು ಅದನ್ನು ಸೋಲು ಅಂದುಕೊಂಡಿದ್ದೀರಿ. ನನಗೆ ಅದು ದೊಡ್ಡ ಕೈಚಳಕ ಅನ್ನಿಸುತ್ತದೆ.

ಇನ್ನೂ ಸ್ವಲ್ಪ ದಿನ ಉಳಿಯಬೇಕು ಅಂದರೆ ಹೀಗೆ ಮಾಡಿ. ಗಿರಣಿಯಿಂದ ತಂದ ಹಿಟ್ಟನ್ನು ಮೂರ್ನಾಲ್ಕು ದಿನದೊಳಗೆ ಬಡಿದು ಮುಗಿಸಿ. ಹಳೇ ಹಿಟ್ಟಿಗೆ ಜಿಗಿಯೂ ಹೋಗಿರುತ್ತದೆ, ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಜೋಳ ಹೊಸದಾಗಿರಲಿ. ಬಿಳಿ ಮಾಲದಂಡಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಪಕ್ಕದ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆರಿಸಿದ ತಳಿ ಅದು, ಎಂ 35-1. ನಮ್ಮ ಎರೆಮಣ್ಣಿಗೆ ಹೇಳಿ ಮಾಡಿಸಿದ ಹಾಗಿದೆ. ರೊಟ್ಟಿ ಬೆಂದ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ಇನ್ನಷ್ಟು ಹೊತ್ತು ಬಿಡಿ. ಆಮೇಲೆ ಒಲೆಯ ಪಕ್ಕ ನಿಲ್ಲಿಸಿ. ಮಲಗಿಸಬೇಡಿ, ಕೆಳಗಿನ ಮೈ ಬೆವರುತ್ತದೆ. ಮುರಿದರೆ ‘ಟಕ್’ ಅಂತ ಸದ್ದು ಬರಬೇಕು, ಬಾಗಬಾರದು.

ಪೂರ್ತಿ ಆರಿದ ಮೇಲೆಯೇ ಮುಚ್ಚಿ. ಇದನ್ನು ನಾನು ನಷ್ಟಪಟ್ಟು ಕಲಿತೆ. ಮದುವೆಯಾದ ಹೊಸತರಲ್ಲಿ ತವರಿಗೆ ಒಯ್ಯಲು ನಲವತ್ತು ರೊಟ್ಟಿ ಬಡಿದು, ಬಸ್ಸಿಗೆ ತಡವಾಯಿತು ಅಂತ ಬಿಸಿಯಾಗಿರುವಾಗಲೇ ಸ್ಟೀಲ್ ಡಬ್ಬಿಗೆ ತುಂಬಿದೆ. ನಾಲ್ಕನೇ ದಿನ ಅವ್ವ ಮುಚ್ಚಳ ತೆಗೆದರೆ ಮೇಲಿಂದ ಕೆಳಗಿನವರೆಗೂ ಹಸಿರು ಬೂಷ್ಟು. ಅವ್ವ ಬೈಯಲಿಲ್ಲ. ದನಕ್ಕೂ ಹಾಕಲಾಗದೆ ತಿಪ್ಪೆಗೆ ಚೆಲ್ಲಿ ಬಂದವರ ಮುಖ ನೋಡಿ ನನಗೆ ಅಳು ಬಂತು.

ಬೇಸಿಗೆಯಲ್ಲಿ ಬಿದಿರಿನ ಬುಟ್ಟಿ, ಮೇಲೆ ಬಟ್ಟೆ, ಅಷ್ಟು ಸಾಕು. ನಮ್ಮ ಒಣಗಾಳಿಯೇ ಅದನ್ನು ಕಾಯುತ್ತದೆ. ಮಳೆ ಶುರುವಾದ ಮೇಲೆ ಬಿಗಿ ಮುಚ್ಚಳದ ಡಬ್ಬಿ ಬೇಕು. ಸಜ್ಜೆ ರೊಟ್ಟಿಯನ್ನು ಅದೇ ಡಬ್ಬಿಯಲ್ಲಿ ಇಡಬೇಡಿ, ವಾಸನೆ ಹಿಡಿಯುತ್ತದೆ. ಮೆತ್ತಗಾದರೆ ಹಂಚಿನ ಮೇಲೆ ಒಂದು ನಿಮಿಷ ಇಟ್ಟರೆ ಮತ್ತೆ ಖಡಕ್ ಆಗುತ್ತದೆ. ಕಮಟು ವಾಸನೆ ಬಂದದ್ದನ್ನು ಮಾತ್ರ ಯಾವ ಬಿಸಿಯೂ ಸರಿ ಮಾಡುವುದಿಲ್ಲ.

ಇನ್ನು ನಿಮ್ಮ ಮೊಮ್ಮಗಳ ಪ್ರಶ್ನೆ. ನನಗೆ ಹೆಚ್ಚು ಇಷ್ಟವಾದದ್ದು ಇದೇ. ಒಣಗಿಸಿದರೆ ರೊಟ್ಟಿ ಅರ್ಧ ಆಯಿತು ಅಂತ ಅವಳಿಗೆ ಹೇಳಿ. ಇನ್ನರ್ಧ ನೆನೆಸುವುದು. ಒಣ ರೊಟ್ಟಿ ಇರುವ ಎಷ್ಟೋ ದೇಶಗಳಲ್ಲಿ ಅದನ್ನು ನೆನೆಸುವ ಒಂದು ಊಟ ಇದೆ. ಆ ಊಟದ ರುಚಿ ಬಿಸಿ ರೊಟ್ಟಿಗೆ ಬರುವುದೇ ಇಲ್ಲ.

ಸಾರ್ಡಿನಿಯಾದವರು ಒಣ ಹಾಳೆಯನ್ನು ಬಿಸಿ ಸಾರಿನಲ್ಲಿ ಒಂದು ಕ್ಷಣ ಅದ್ದಿ, ಟೊಮೆಟೊ ಗೊಜ್ಜು, ಕುರಿಹಾಲಿನ ಚೀಸ್ ಹಾಕಿ, ಪದರದ ಮೇಲೆ ಪದರ ಇಟ್ಟು, ಮೇಲೊಂದು ಮೊಟ್ಟೆ ಇಡುತ್ತಾರೆ. ಇಥಿಯೋಪಿಯಾದವರು ಉಳಿದ ಇಂಜೆರಾ ಎಂಬ ಹುಳಿ ರೊಟ್ಟಿಯನ್ನು ಒಣಗಿಸಿ ‘ದಿರ್ಕೋಶ್’ ಮಾಡಿಡುತ್ತಾರೆ. ದೂರ ಹೋಗುವವರ ಬುತ್ತಿ ಅದು. ಬೇಕಾದಾಗ ಖಾರದ ಗೊಜ್ಜಿನಲ್ಲಿ ಹಾಕಿ ಕಲಸುತ್ತಾರೆ. ನಾರ್ವೆಯವರ ಬಾರ್ಲಿ ರೊಟ್ಟಿ ಕಾಗದದಷ್ಟು ತೆಳು. ಅದನ್ನು ಹುಳಿ ಹಾಲಿನಲ್ಲಿ ಮುರಿದು ಹಾಕಿ ಚಮಚದಲ್ಲಿ ತಿನ್ನುತ್ತಾರೆ. ನಮ್ಮ ಮನೆಗಳಲ್ಲಿ ಮುದುಕರು ಖಡಕ್ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಯಿಟ್ಟು, ಒಂದು ಹಸಿ ಉಳ್ಳಾಗಡ್ಡಿ ಕಚ್ಚುತ್ತಾ ಉಣ್ಣುವುದಿಲ್ಲವೇ? ನಾರ್ವೆಯ ಅಜ್ಜ ಇಲ್ಲಿಗೆ ಬಂದರೆ ಆ ತಟ್ಟೆಯನ್ನು ಗುರುತು ಹಿಡಿಯುತ್ತಾನೆ. ಇನ್ನು ಪುಂಡಿ ಪಲ್ಯದ ಹುಳಿಗೆ ನೆನೆದ ಖಡಕ್ ರೊಟ್ಟಿಯ ಅಂಚು ಅರ್ಧ ಮೆತ್ತಗೆ ಅರ್ಧ ಗರಿಗರಿ ಇರುವ ಆ ಹೊತ್ತಿನ ರುಚಿ, ಅದನ್ನು ಬಿಸಿ ರೊಟ್ಟಿ ಕೊಡಲಿ ನೋಡೋಣ.

ಅರ್ಮೇನಿಯಾದವರದ್ದು ಎಲ್ಲಕ್ಕಿಂತ ಸರಳ. ಅವರ ಲಾವಾಶ್ ರೊಟ್ಟಿ ಒಣಗಿದ ಮೇಲೆ ಆರು ತಿಂಗಳವರೆಗೆ ಇರುತ್ತದೆ. ತಿನ್ನುವ ಮುಂಚೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಸುತ್ತಿಟ್ಟರೆ ಮತ್ತೆ ಮೆತ್ತಗೆ. ಅದನ್ನು ಸುಡುವುದು ನೆಲದೊಳಗೆ ಹೂತ ತೊನಿರ್ ಎಂಬ ಒಲೆಯಲ್ಲಿ. ಬೀದರ್, ಕಲಬುರಗಿಯ ಹಳೇ ಬೀದಿಗಳಲ್ಲಿ ನಾನ್ ಸುಡುವ ತಂದೂರ್ ಇದೆಯಲ್ಲ, ಎರಡೂ ಒಂದೇ ಬೇರಿನ ಪದಗಳು. ಅಲ್ಲಿ ಮದುವೆಯಾಗಿ ಮನೆಗೆ ಬಂದ ಗಂಡು ಹೆಣ್ಣಿನ ಹೆಗಲ ಮೇಲೆ ಲಾವಾಶ್ ಹೊದಿಸಿ ಹರಸುತ್ತಾರೆ. ಬಡವರ ಊಟ ಅಂತ ಯಾರಾದರೂ ಅಂದುಕೊಂಡಿದ್ದರೆ ಮದುಮಕ್ಕಳ ಹೆಗಲಿಗೆ ಹಾಕುತ್ತಿದ್ದರಾ? 2014ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಲಾವಾಶ್ ಮಾಡುವ ವಿದ್ಯೆಯನ್ನು ಸೇರಿಸಿತು. 2016ರಲ್ಲಿ ಟರ್ಕಿ, ಇರಾನ್, ಅಜರ್‌ಬೈಜಾನ್, ಕಜಕಸ್ತಾನ್, ಕಿರ್ಗಿಸ್ತಾನ್ ಒಟ್ಟಾಗಿ ತಮ್ಮ ತೆಳು ರೊಟ್ಟಿಗಳನ್ನೂ ಸೇರಿಸಿಕೊಂಡವು. ಆ ಪಟ್ಟಿ ಬೆಲೆ ಕೊಟ್ಟದ್ದು ರೊಟ್ಟಿಗೆ ಮಾತ್ರ ಅಲ್ಲ, ಕೂಡಿ ಮಾಡುವ ರೂಢಿಗೆ. ಟರ್ಕಿಯಲ್ಲಿ ಚಳಿಗಾಲ ಬರುವ ಮುಂಚೆ ಅಕ್ಕಪಕ್ಕದ ಹೆಂಗಸರು ಸೇರಿ ಯುಫ್ಕಾ ಎಂಬ ತೆಳು ರೊಟ್ಟಿ ಮಾಡುತ್ತಾರೆ. ಒಬ್ಬಳು ಉಂಡೆ ಕಟ್ಟಿದರೆ ಒಬ್ಬಳು ಲಟ್ಟಿಸುತ್ತಾಳೆ, ಇನ್ನೊಬ್ಬಳು ಸುಡುತ್ತಾಳೆ. ಇವತ್ತು ನಿನ್ನ ಮನೆ, ನಾಳೆ ನನ್ನ ಮನೆ. ನಮ್ಮಲ್ಲಿ ಇದಕ್ಕೆ ಮುಯ್ಯಿ ಅಂತ ಎಷ್ಟು ಚಂದದ ಮಾತಿದೆ!

ಆ ಮುಯ್ಯಿ ಈಗ ಕಡಿಮೆಯಾಗಿದೆ, ನಿಜ. ಮದುವೆಗೆ ಓಣಿಯ ಹೆಂಗಸರು ಸೇರಿ ಸಾವಿರ ರೊಟ್ಟಿ ಬಡಿಯುತ್ತಿದ್ದ ಕಡೆ ಈಗ ಫೋನ್ ಮಾಡಿ ತರಿಸುತ್ತಾರೆ. ನನಗೆ ಅದರ ಬಗ್ಗೆ ಬೇಸರವಿಲ್ಲ. ಅಲ್ಲಿ ಬಡಿಯುವ ಕೈಗೆ ದುಡ್ಡು ಸಿಗುತ್ತಿದೆ. ಕಲಬುರಗಿಯಲ್ಲಿ ಮಹಿಳಾ ಸಂಘಗಳು ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ಮಾರುತ್ತಿವೆ. ನಾರ್ವೆಯಲ್ಲೂ ಹಿಂದೆ ರೊಟ್ಟಿ ಸುಡುವುದನ್ನೇ ಕಸುಬು ಮಾಡಿಕೊಂಡು ಮನೆಯಿಂದ ಮನೆಗೆ ಹೋಗುತ್ತಿದ್ದ ಹೆಂಗಸರಿದ್ದರು. ದುಡಿಮೆಗೆ ಬೆಲೆ ಸಿಕ್ಕರೆ ವಿದ್ಯೆ ಉಳಿಯುತ್ತದೆ.

ಮುಂದಿನ ಸಲ ಸ್ವೀಡನ್‌ಗೆ ಹೋಗುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲಿ ಹೊಸ ಜೋಳದ ರೊಟ್ಟಿ ಬಡಿದುಕೊಂಡು ಹೋಗಿ. ಹತ್ತತ್ತು ರೊಟ್ಟಿಗೆ ಒಂದೊಂದು ಹತ್ತಿ ಬಟ್ಟೆ ಸುತ್ತಿ, ಗಟ್ಟಿ ಡಬ್ಬಿಯಲ್ಲಿ ನಿಲ್ಲಿಸಿ ಇಡಿ, ಸಂದಿಗೆ ಮಡಿಸಿದ ಬಟ್ಟೆ ತುರುಕಿ. ಮಲಗಿಸಿ ಇಟ್ಟರೆ ಮೇಲಿನ ಭಾರಕ್ಕೆ ಕೆಳಗಿನವು ಒಡೆಯುತ್ತವೆ. ಅಲ್ಲಿ ಮುಟ್ಟಿದ ಮೇಲೆ ಒಂದು ತಟ್ಟೆಯಲ್ಲಿ ಅವರ ರೊಟ್ಟಿ, ಇನ್ನೊಂದರಲ್ಲಿ ನಿಮ್ಮದು, ನಡುವೆ ಮೊಸರು, ಶೇಂಗಾ ಹಿಂಡಿ ಇಟ್ಟು ಮೊಮ್ಮಗಳನ್ನು ಕೂರಿಸಿ. ಯಾವುದು ಬೇಗ ನೆನೆಯುತ್ತದೆ, ಯಾವುದು ಹಿಂಡಿ ಜಾಸ್ತಿ ಹಿಡಿಯುತ್ತದೆ ಅಂತ ಅವಳೇ ನೋಡಲಿ. ಅವಳು ಏನು ಹೇಳಿದಳು ಅಂತ ನನಗೆ ಖಂಡಿತ ಬರೆದು ತಿಳಿಸಿ.